ಬಿಡದೆ ಉಳಿದ ಬಾಣ

ಮೊದಲೇ ಎರಡು ಮಾತು ಹೇಳಿಬಿಡ್ತೀನಿ. ಒಂದು, ನಾನು ಎಲ್‌ಕೆಜಿಯಿಂದ ಪಿಯುಸಿವರೆಗೆ ಇಂಗ್ಲಿಷ್ ಮೀಡಿಯಂ. ನನ್ನ ಕನ್ನಡ ಮನೆ ಮಾತಿನ ಕನ್ನಡ, ತಪ್ಪಿದ್ದರೆ ಸಂಪಾದಕರು ತಿದ್ದಿರ್ತಾರೆ ಅಂತ ನಂಬಿದ್ದೀನಿ. ಎರಡು, ಇದು ಬೇಟೆಯ ಬಗ್ಗೆ ಬರೆದದ್ದು. ಓದಿ ಯಾರಾದ್ರೂ ಬಿಲ್ಲು ತಗೊಂಡು ಬಂಡೀಪುರಕ್ಕೆ ಹೊರಟರೆ ಸೀದಾ ಜೈಲಿಗೆ ಹೋಗ್ತೀರಿ, ನನ್ನ ಹೆಸರು ಹೇಳಬೇಡಿ.

ಹೋದ ವರ್ಷ ಅಕ್ಟೋಬರ್. ನಾನಾಗ ಫಸ್ಟ್ ಇಯರ್. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹಾಸ್ಟೆಲ್ಲಲ್ಲಿ ಫೋನ್ ಬಂತು. ಅಮೆರಿಕದ ಮಿಶಿಗನ್‌ನಲ್ಲಿರೋ ದೊಡ್ಡಮ್ಮನ ಮಗ, ನನ್ನ ಅಣ್ಣ. ಅಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ. ಭಾನುವಾರ ಏಳು ಗಂಟೆಗೆ ಇಂಜಿನಿಯರಿಂಗ್ ಹುಡುಗನಿಗೆ ಫೋನ್ ಮಾಡೋದೇ ಒಂದು ಅಪರಾಧ, ಆದ್ರೂ ಎತ್ತಿದೆ. ಆ ಕಡೆ ಅಣ್ಣ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದ, “ಜಿಂಕೆಗೆ ಬಾಣ ಬಿಟ್ಟೆ ಕಣೋ. ಬಿತ್ತು. ಆದ್ರೆ ಸರಿಯಾಗಿ ಬೀಳಲಿಲ್ಲ. ಎಲ್ಲೋ ಕಾಡಲ್ಲಿದೆ.”

ಅವನು ಬಿಲ್ಲುಬೇಟೆ ಕಲಿಯುತ್ತಿರೋದು ನನಗೆ ಮಾತ್ರ ಗೊತ್ತಿತ್ತು. ಆಫೀಸಿನ ಒಬ್ಬ ಹಿರಿಯ ಸಹೋದ್ಯೋಗಿ ಹೇಳಿಕೊಡ್ತಿದ್ದರು. ಅಲ್ಲಿ ಇದು ಕಾನೂನುಬದ್ಧ: ಸುರಕ್ಷತಾ ತರಬೇತಿ ಮುಗಿಸಬೇಕು, ಲೈಸೆನ್ಸ್ ತಗೋಬೇಕು, ಅಕ್ಟೋಬರ್ 1ಕ್ಕೆ ಬಿಲ್ಲಿನ ಸೀಸನ್ ಶುರು. ಮನೆಯಲ್ಲಿ ಹೇಳಿರಲಿಲ್ಲ, ದೊಡ್ಡಮ್ಮ ಊಟ ಬಿಡ್ತಾಳೆ ಅಂತ.

ನಾನು ಅವತ್ತು ಹೇಳಿದ್ದು ಒಂದೇ ಮಾತು. “ಯಾಕೆ ಬೇಕಿತ್ತು ನಿಂಗೆ ಇದೆಲ್ಲ? ಪಾಪದ ಪ್ರಾಣಿ.” ಅವನು “ಸರಿ ಮಲ್ಕೋ” ಅಂದು ಫೋನ್ ಇಟ್ಟ. ನಾನು ಮಲಗಿದೆ. ಮಧ್ಯಾಹ್ನ ಮೆಸ್ಸಲ್ಲಿ ಭಾನುವಾರದ ಚಿಕನ್ ಇತ್ತು. ಎರಡನೇ ಸಲ ಹಾಕಿಸಿಕೊಳ್ಳೋಕೆ ಲೈನಲ್ಲಿ ನಿಂತಾಗ ನಂಗೆ ಒಂಥರಾ ಆಯ್ತು. ಈ ಕೋಳಿ ಹೇಗೆ ಸತ್ತಿತು, ಎಷ್ಟು ಹೊತ್ತು ಒದ್ದಾಡಿತು, ನಾನು ಕೇಳೇ ಇಲ್ಲ. ಅಣ್ಣ ಒಂದು ಜಿಂಕೆ ಬಗ್ಗೆ ಅದನ್ನೇ ಯೋಚಿಸ್ತಾ ಕಾರಲ್ಲಿ ಕೂತಿದ್ದ. ನಾನು ಅವನಿಗೆ ಬುದ್ಧಿ ಹೇಳಿದ್ದೆ.

ಅವತ್ತು ಸಂಜೆ ಕೂತು ಈ ವಿಷಯ ಓದೋಕೆ ಶುರು ಮಾಡಿದೆ. ಒಂದು ವರ್ಷ ಆಯ್ತು. ಬೇಟೆ ಸರಿಯಾ ತಪ್ಪಾ ಅನ್ನೋ ಡಿಬೇಟ್ ನಮ್ಮ ಹಾಸ್ಟೆಲ್ಲಲ್ಲಿ ಬೇಕಾದಷ್ಟು ಆಗಿದೆ, ಅದನ್ನ ಇಲ್ಲಿ ಮಾಡಲ್ಲ. ನಾನು ಹೇಳಬೇಕಿರೋದು ಇಷ್ಟೇ: ಬಿಲ್ಲುಬೇಟೆಯಲ್ಲಿ ನೈತಿಕತೆ ಅನ್ನೋದು ಏನಾದ್ರೂ ಇದ್ದರೆ, ಅದು ಬಿಟ್ಟ ಬಾಣದಲ್ಲಿ ಇಲ್ಲ, ಬಿಡದೆ ಉಳಿದ ಬಾಣದಲ್ಲಿದೆ. ಯಾಕೆ ಅಂತ ನಮ್ಮ ಭಾಷೆಯಲ್ಲೇ, ಅಂದ್ರೆ ಲೆಕ್ಕದಲ್ಲೇ, ತೋರಿಸ್ತೀನಿ.

ಮೊದಲು ಬಾಣ ಕೊಲ್ಲೋದು ಹೇಗೆ ಅಂತ ತಿಳ್ಕೋಬೇಕು. ಸಿನಿಮಾದಲ್ಲಿ ಬಾಣ ತಾಗಿದ ತಕ್ಷಣ ಪ್ರಾಣಿ ಧೊಪ್ ಅಂತ ಬೀಳುತ್ತೆ. ನಿಜದಲ್ಲಿ ಹಾಗಲ್ಲ. ಸುಮಾರು 26 ಗ್ರಾಂ ತೂಕದ ಬಾಣ, ಇವತ್ತಿನ ಕಾಂಪೌಂಡ್ ಬಿಲ್ಲಿನಿಂದ ಸೆಕೆಂಡಿಗೆ 85 ಮೀಟರ್ ವೇಗದಲ್ಲಿ ಹೊರಡುತ್ತೆ ಅಂತಿಟ್ಟುಕೊಳ್ಳಿ. ಚಲನಶಕ್ತಿ ಎಷ್ಟು? ಹಾಫ್ ಎಂ ವಿ ಸ್ಕ್ವೇರ್ ಹಾಕಿ, ಸುಮಾರು 94 ಜೂಲ್. 160 ಗ್ರಾಂ ಕ್ರಿಕೆಟ್ ಬಾಲನ್ನ ಗಂಟೆಗೆ 125 ಕಿಲೋಮೀಟರ್ ವೇಗದಲ್ಲಿ ಎಸೆದರೂ ಹತ್ತಿರ ಹತ್ತಿರ ಇಷ್ಟೇ ಶಕ್ತಿ. ಅಂದ್ರೆ ಒಬ್ಬ ಸುಮಾರಾದ ಮೀಡಿಯಂ ಪೇಸರ್‌ನ ಬಾಲು. ಜಿಂಕೆ ಬೇಟೆಯ ರೈಫಲ್ ಗುಂಡಿಗೆ ಇದರ ಮೂವತ್ತು ನಲವತ್ತು ಪಟ್ಟು ಶಕ್ತಿ ಇರುತ್ತೆ.

ಹಾಗಾಗಿ ಬಾಣ ಹೊಡೆತದಿಂದ ಕೊಲ್ಲಲ್ಲ, ಕೊಯ್ದು ಕೊಲ್ಲುತ್ತೆ. ಅದರ ಮೊನೆಗೆ ಬ್ರಾಡ್‌ಹೆಡ್ ಅಂತ ಹಾಕ್ತಾರೆ, ಎರಡೋ ಮೂರೋ ಬ್ಲೇಡಿನಷ್ಟು ಹರಿತವಾದ ಅಲಗು. ಅದು ಎರಡೂ ಶ್ವಾಸಕೋಶದ ಮೂಲಕ, ಅಥವಾ ಹೃದಯದ ಮೂಲಕ ಹಾದುಹೋದರೆ ರಕ್ತದ ಒತ್ತಡ ಕುಸಿದು ಕೆಲವೇ ಸೆಕೆಂಡುಗಳಲ್ಲಿ ಜಿಂಕೆ ಬೀಳುತ್ತೆ. ಎಷ್ಟೋ ಸಲ ನೂರು ಮೀಟರ್ ಒಳಗೇ. ಏನಾಯ್ತು ಅಂತ ಅದಕ್ಕೆ ಗೊತ್ತಾಗೋ ಮೊದಲೇ ಮುಗಿದಿರುತ್ತೆ ಅಂತ ಬೇಟೆಗಾರರು ಹೇಳ್ತಾರೆ. ಜಿಂಕೆಯನ್ನ ಕೇಳಿದವರು ಯಾರೂ ಇಲ್ಲ, ಆದ್ರೂ ಸಾವು ಬೇಗ ಬರುತ್ತೆ ಅನ್ನೋದು ನಿಜ.

ಆದ್ರೆ ಹೃದಯ ಮತ್ತು ಶ್ವಾಸಕೋಶ ಸೇರಿದ ಆ ಜಾಗ ಎಷ್ಟು ದೊಡ್ಡದು? ಬಿಳಿಬಾಲದ ಜಿಂಕೆಯಲ್ಲಿ ಹೆಚ್ಚು ಕಡಿಮೆ ಒಂದು ಊಟದ ಪೇಪರ್ ಪ್ಲೇಟಿನಷ್ಟು, 20ರಿಂದ 25 ಸೆಂಟಿಮೀಟರ್ ಅಗಲ. ಅಲ್ಲಿ ಅಭ್ಯಾಸಕ್ಕೂ ಪೇಪರ್ ಪ್ಲೇಟನ್ನೇ ನೇತುಹಾಕ್ತಾರೆ. ಪ್ಲೇಟಿನ ಮುಂದೆ ಹೆಗಲಿನ ಮೂಳೆ, ಅದಕ್ಕೆ ತಾಗಿದರೆ ಬಾಣ ಅಲ್ಲೇ ನಿಲ್ಲಬಹುದು. ಮೇಲೆ ಬೆನ್ನಿನ ಮಾಂಸ. ಹಿಂದೆ ಹೊಟ್ಟೆ. ಕರುಳಿಗೆ ಬಾಣ ಬಿದ್ದ ಜಿಂಕೆ ಸಾಯುತ್ತೆ, ಆದ್ರೆ ಗಂಟೆಗಟ್ಟಲೆ ತಗೊಂಡು ಸಾಯುತ್ತೆ.

ಈಗ ನಮ್ಮ ಬ್ರ್ಯಾಂಚಿನವರಿಗೆ ಇಷ್ಟ ಆಗೋ ಭಾಗ. ಬಾಣ ಶಬ್ದಕ್ಕಿಂತ ನಿಧಾನ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಬಾಣ 85. ಅಂದ್ರೆ ಸರಿಯಾಗಿ ನಾಲ್ಕನೇ ಒಂದು ಭಾಗ. ಹೆದೆ ಮಿಡಿದ ಶಬ್ದ ಬಾಣಕ್ಕಿಂತ ಮೊದಲೇ ಜಿಂಕೆಯ ಕಿವಿ ತಲುಪುತ್ತೆ. ಜಿಂಕೆ ಬೆದರಿ ಓಡೋಕೆ ಮೊದಲು ಕಾಲು ಮಡಚಿ ಕುಸಿಯುತ್ತೆ, ಸ್ಪ್ರಿಂಗ್ ಒತ್ತಿದ ಹಾಗೆ. ಬಾಣ ತಪ್ಪಿಸ್ಕೊಳ್ಳೋಕೆ ಅಂತಲ್ಲ, ನೆಗೆಯೋಕೆ. ಆದ್ರೆ ಪರಿಣಾಮ ಒಂದೇ, ಗುರಿ ಕೆಳಗೆ ಹೋಗಿರುತ್ತೆ.

20 ಗಜ ಅಂದ್ರೆ 18.3 ಮೀಟರ್. ಶಬ್ದ 0.05 ಸೆಕೆಂಡಿಗೆ ತಲುಪುತ್ತೆ, ಬಾಣ 0.21 ಸೆಕೆಂಡಿಗೆ. ನಡುವೆ ಜಿಂಕೆಗೆ ಸಿಗೋದು 0.16 ಸೆಕೆಂಡ್. ಅದರ ನರಗಳು ಎಚ್ಚರಗೊಳ್ಳೋಕೆ 0.1 ಸೆಕೆಂಡ್ ಬೇಕು ಅಂತ ಊಹಿಸೋಣ. ಉಳಿದದ್ದು 0.06. ಕಾಲು ಪೂರ್ತಿ ಸಡಿಲ ಬಿಟ್ಟು ಗುರುತ್ವಕ್ಕೆ ತಕ್ಕ ಹಾಗೆ ಬಿದ್ದರೂ ಆ ಸಮಯದಲ್ಲಿ ಅದು ಕುಸಿಯೋದು 2 ಸೆಂಟಿಮೀಟರ್. ಪ್ಲೇಟ್ ಇದ್ದಲ್ಲೇ ಇದೆ.

ಈಗ ದೂರ ಎರಡು ಪಟ್ಟು ಮಾಡಿ, 40 ಗಜ. ಶಬ್ದಕ್ಕೆ 0.11, ಬಾಣಕ್ಕೆ 0.43. ಸಿಕ್ಕ ಸಮಯ 0.32, ಪ್ರತಿಕ್ರಿಯೆಯ 0.1 ಕಳೆದರೆ 0.22 ಸೆಕೆಂಡ್. ಕುಸಿತ ಎಷ್ಟು? ಸುಮಾರು 24 ಸೆಂಟಿಮೀಟರ್. ಇಡೀ ಪ್ಲೇಟ್ ಜಾಗ ಬಿಟ್ಟು ಹೋಯ್ತು. ದೂರ ಎರಡು ಪಟ್ಟಾದರೆ ತಪ್ಪು ಎರಡು ಪಟ್ಟಾಗುತ್ತೆ ಅಂತ ನಾವು ಅಂದ್ಕೋತೀವಿ. ಇಲ್ಲಿ ಹತ್ತು ಪಟ್ಟು ದಾಟಿತು, ಯಾಕಂದ್ರೆ ಸಮಯ ಸ್ಕ್ವೇರ್ ಆಗುತ್ತೆ. ನೀವು ಹೊಡೆದದ್ದು ಸರಿಯಾಗೇ ಇದೆ. ಜಿಂಕೆ ಅಲ್ಲಿಲ್ಲ.

ಎಲ್ಲ ಜಿಂಕೆಯೂ ಹೀಗೆ ಕುಸಿಯಲ್ಲ. ತಲೆ ತಗ್ಗಿಸಿ ಮೇಯ್ತಿರೋದು, ನಿಶ್ಚಿಂತೆಯಿಂದ ಇರೋದು ಎಷ್ಟೋ ಸಲ ಅಲ್ಲಾಡೋದೇ ಇಲ್ಲ. ತಲೆ ಎತ್ತಿ, ಕಿವಿ ಮುಂದಕ್ಕೆ ಮಾಡಿ, ಕಡ್ಡಿಯಂತೆ ನಿಂತಿರೋದು ಮೊದಲೇ ಅರ್ಧ ಓಡಿರುತ್ತೆ. ಅಂದ್ರೆ ಲೆಕ್ಕದಲ್ಲಿ ದೂರ ಒಂದು ವೇರಿಯಬಲ್, ಜಿಂಕೆಯ ಮನಸ್ಸು ಇನ್ನೊಂದು. ಎರಡನೇದಕ್ಕೆ ಲೇಸರ್ ರೇಂಜ್‌ಫೈಂಡರ್ ಇನ್ನೂ ಬಂದಿಲ್ಲ.

ಜಿಂಕೆ ನಿಂತ ಕೋನವೂ ಅಷ್ಟೇ ಮುಖ್ಯ. ಪೂರ್ತಿ ಅಡ್ಡಲಾಗಿ ನಿಂತಿದ್ದರೆ ಎರಡೂ ಶ್ವಾಸಕೋಶ ಬಾಣದ ದಾರಿಯಲ್ಲಿ ಸಿಗುತ್ತೆ. ಸ್ವಲ್ಪ ಆಚೆ ಮುಖ ಮಾಡಿ ಓರೆಯಾಗಿ ನಿಂತಿದ್ದರೂ ಒಳ್ಳೇದು, ಬಾಣ ಪಕ್ಕೆಲುಬಿನ ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ಎದುರಿಗೆ ಮುಖ ಮಾಡಿದ್ದರೆ, ನಮ್ಮ ಕಡೆ ಓರೆಯಾಗಿ ಬರ್ತಿದ್ದರೆ, ಬೆನ್ನು ತೋರಿಸಿ ಹೋಗ್ತಿದ್ದರೆ, ಓಡ್ತಿದ್ದರೆ ಬಿಡಬಾರದು. ಮರದ ಮೇಲಿನ ಅಟ್ಟಣೆಯಲ್ಲಿ ಕೂತಾಗ ಜಿಂಕೆ ನೇರ ಕೆಳಗೇ ಬಂದರೂ ಬಿಡಬಾರದು, ಮೇಲಿಂದ ಒಂದೇ ಶ್ವಾಸಕೋಶ ಸಿಗೋ ಸಾಧ್ಯತೆ ಹೆಚ್ಚು, ಒಂದೇ ಶ್ವಾಸಕೋಶ ತೂತಾದ ಜಿಂಕೆ ಬಹಳ ದೂರ ಹೋಗುತ್ತೆ. ಇದೆಲ್ಲ ರಹಸ್ಯ ಅಲ್ಲ. ಅಲ್ಲಿನ ಬೇಟೆ ತರಬೇತಿಯ ಮೊದಲ ಪಾಠಗಳಲ್ಲೇ ಬರುತ್ತೆ. ಅಣ್ಣನಿಗೂ ಗೊತ್ತಿತ್ತು.

ಬಾಣ ಬಿಟ್ಟ ಮೇಲಿನ ಪಾಠ ನಂಗೆ ಇನ್ನೂ ಕಷ್ಟದ್ದು ಅನ್ನಿಸ್ತು. ತಕ್ಷಣ ಹಿಂದೆ ಓಡಬಾರದು. ಮೊದಲು ಬಾಣ ಹುಡುಕಬೇಕು, ಅದರ ಮೇಲಿನ ಗುರುತು ಓದಬೇಕು. ಗುಲಾಬಿ ಬಣ್ಣ, ಸಣ್ಣ ಗುಳ್ಳೆ ಇದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದು ಹೋಗಬಹುದು. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗ, ನಾಲ್ಕಾರು ಗಂಟೆ ಕಾಯಬೇಕು. ಹಸಿರು ಅಥವಾ ಕಂದು ಬಣ್ಣ, ಕೆಟ್ಟ ವಾಸನೆ ಬಂದರೆ ಕರುಳು. ಎಂಟರಿಂದ ಹನ್ನೆರಡು ಗಂಟೆ ಕಾಯಬೇಕು. ಗಾಯಗೊಂಡ ಜಿಂಕೆ ಹತ್ತಿರದಲ್ಲೇ ಎಲ್ಲೋ ಮಲಗುತ್ತೆ. ಈಗಲೇ ಹೋದರೆ ಎದ್ದು ಮತ್ತೆ ಓಡುತ್ತೆ, ಆಮೇಲೆ ಸಿಗೋದೇ ಇಲ್ಲ.

ಅಣ್ಣನ ಬಾಣದ ಮೇಲೆ ಕಂದು ಬಣ್ಣ ಇತ್ತು. ವಾಸನೆ ಇತ್ತು. ಅದಕ್ಕೇ ಅವನು ರಾತ್ರಿ ಒಂಬತ್ತೂವರೆಗೆ ಕಾರಲ್ಲಿ ಕೂತಿದ್ದ. ಅರ್ಧ ಮೈಲಿ ಒಳಗೆ ಒಂದು ಪ್ರಾಣಿ ಅವನಿಂದಾಗಿ ಸಾಯ್ತಾ ಮಲಗಿದೆ, ಅವನಿಗೆ ಮಾಡೋಕಿರೋ ಒಂದೇ ಸರಿಯಾದ ಕೆಲಸ ಅಂದ್ರೆ ಬೆಳಗಿನವರೆಗೆ ಏನೂ ಮಾಡದೆ ಇರೋದು. ಆ ಹೊತ್ತಲ್ಲಿ ಮಾತಾಡೋಕೆ ಅಂತ ಫೋನ್ ಮಾಡಿದ್ದ. ನಾನು “ಯಾಕೆ ಬೇಕಿತ್ತು” ಅಂದೆ.

ಬೆಳಿಗ್ಗೆ ಅವನೂ ಆ ಸಹೋದ್ಯೋಗಿಯೂ ಹೋದರು. ಗಾಯಗೊಂಡ ಜಿಂಕೆಯ ಜಾಡು ಹಿಡಿಯೋಕೆ ಪಳಗಿದ ನಾಯಿ ಇಟ್ಟವರು ಅಲ್ಲಿದ್ದಾರೆ, ಹಗ್ಗ ಕಟ್ಟಿ ಹಿಡಿದುಕೊಂಡು ಹುಡುಕೋಕೆ ಮಿಶಿಗನ್‌ನಲ್ಲಿ ಅನುಮತಿ ಇದೆ. ಅಂಥವರೊಬ್ಬರು ಬಂದರು. ನಾಯಿ ಏಳುನೂರು ಮೀಟರಿನಷ್ಟು ಜಾಡು ಹಿಡಿದು ಹೋಯ್ತು. ಎರಡು ಕಡೆ ಜಿಂಕೆ ಮಲಗಿ ಎದ್ದ ಗುರುತು. ಆಮೇಲೆ ಜೌಗು ನೆಲ, ನೀರು. ಅಲ್ಲಿಗೆ ಮುಗೀತು. ಮಧ್ಯಾಹ್ನದವರೆಗೆ ಹುಡುಕಿದರೂ ಸಿಗಲಿಲ್ಲ.

ಇದು ಅಣ್ಣನೊಬ್ಬನ ಕಥೆ ಅಲ್ಲ. ಮೇರಿಲ್ಯಾಂಡಿನ ಒಂದು ನೌಕಾನೆಲೆಯ ಜಾಗದಲ್ಲಿ ಹಲವು ವರ್ಷಗಳ ಬಿಲ್ಲುಬೇಟೆಯ ದಾಖಲೆ ಇಟ್ಟು ಮಾಡಿದ ಅಧ್ಯಯನ 2008ರಲ್ಲಿ ಬಂತು. ಆಧುನಿಕ ಕಾಂಪೌಂಡ್ ಬಿಲ್ಲು, ಕ್ರಾಸ್‌ಬೋ ಬಳಸಿದವರೇ ಎಲ್ಲ. ಬಾಣ ತಾಗಿದ ಜಿಂಕೆಗಳಲ್ಲಿ ಶೇಕಡಾ 18ರಷ್ಟು ಸಿಗಲಿಲ್ಲ. ಸಿಗದೇ ಹೋದದ್ದೆಲ್ಲ ಸತ್ತಿತು ಅಂತಲ್ಲ, ಮಾಂಸಕ್ಕೆ ಮಾತ್ರ ತಾಗಿದ ಗಾಯ ಎಷ್ಟೋ ಸಲ ಮಾಯುತ್ತೆ. ಆದ್ರೂ ಐದಾರರಲ್ಲಿ ಒಂದು. ನಮ್ಮ ಯಾವುದಾದ್ರೂ ಪ್ರಾಜೆಕ್ಟಲ್ಲಿ ಐದಾರರಲ್ಲಿ ಒಂದು ಸಲ ಫೇಲ್ ಆಗೋ ಪಾರ್ಟ್ ಹಾಕಿದ್ರೆ ಗೈಡ್ ಬಾಗಿಲಾಚೆ ಕಳಿಸ್ತಾರೆ.

ಹಾಗಾದ್ರೆ ಬಿಲ್ಲೇ ಯಾಕೆ, ರೈಫಲ್ ಇದೆಯಲ್ಲ? ಅಥವಾ ಬೇಟೆಯೇ ಯಾಕೆ? ನಂಗೂ ಇದೇ ಪ್ರಶ್ನೆ ಇತ್ತು. ಬ್ರಿಟನ್ನಿನಲ್ಲಿ ಜಿಂಕೆಯನ್ನ ಬಂದೂಕಿನಿಂದ ಬೇಟೆ ಆಡಬಹುದು, ಬಿಲ್ಲಿನಿಂದ ಆಡೋಕೆ ಕಾನೂನು ಬಿಡಲ್ಲ. ಅದು ಒಂದು ಗೌರವದ ನಿಲುವು ಅಂತಲೇ ನಂಗೆ ಅನ್ಸುತ್ತೆ. ಆದ್ರೆ ಅಮೆರಿಕದ ಕಡೆಯ ಮಾತೂ ಇದೆ. ಮಿಶಿಗನ್ ಒಂದೇ ರಾಜ್ಯದಲ್ಲಿ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ವಾಹನ ಜಿಂಕೆಗೆ ಡಿಕ್ಕಿ ಹೊಡೆಯುತ್ತೆ. ಜಿಂಕೆಯ ಸಂಖ್ಯೆ ತಡೆಯೋ ತೋಳ, ಚಿರತೆಯಂಥ ಪ್ರಾಣಿಗಳನ್ನ ಮನುಷ್ಯರೇ ಹೆಚ್ಚಿನ ಕಡೆ ಮುಗಿಸಿಬಿಟ್ಟಿದ್ದಾರೆ. ಊರಿನ ಅಂಚಿನಲ್ಲಿ, ಮನೆಗಳ ಮಧ್ಯದ ಕಾಡಿನಲ್ಲಿ ರೈಫಲ್ ಹಾರಿಸೋಕಾಗಲ್ಲ, ಗುಂಡು ಎಲ್ಲಿಗೆ ಹೋಗಿ ಬೀಳುತ್ತೋ. ಅಲ್ಲಿ ಬಿಲ್ಲೇ ಉಳಿಯೋ ದಾರಿ. ಅಲ್ಲದೆ ಬೇಟೆಯ ಬಿಲ್ಲು, ಬಾಣದ ಮೇಲೆ ಹಾಕೋ ವಿಶೇಷ ತೆರಿಗೆಯ ಹಣ ಅಲ್ಲಿನ ವನ್ಯಜೀವಿ ಕೆಲಸಕ್ಕೇ ಹೋಗುತ್ತೆ, 1937ರ ಕಾಯ್ದೆಯೊಂದರಿಂದ ಬಂದ ಪದ್ಧತಿ ಅದು.

ಇದನ್ನ ತಂದು ಇಲ್ಲಿಗೆ ಅಂಟಿಸೋಕಾಗಲ್ಲ. ನಮ್ಮ ಕಾಡು ಬೇರೆ, ನಮ್ಮ ಕಥೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲದಿದ್ದರೆ ನಾಗರಹೊಳೆಯಲ್ಲಿ ಸಫಾರಿ ಜೀಪಿನಿಂದ ನೋಡೋಕೆ ಏನು ಉಳೀತಿತ್ತೋ. ಅದು ಹಾಗೇ ಇರಲಿ. ಆದ್ರೆ ಆ ಕಾಯ್ದೆಯಲ್ಲಿ ನಂಗೆ ತುಂಬ ಹಿಡಿಸಿದ ಒಂದು ವಿಷಯ ಇದೆ. ಅದರಲ್ಲಿ ಬೇಟೆ ಅನ್ನೋ ಪದದ ವ್ಯಾಖ್ಯಾನದಲ್ಲಿ ಕೊಲ್ಲೋದು ಮಾತ್ರ ಅಲ್ಲ, ಗಾಯ ಮಾಡೋದೂ ಸೇರಿದೆ. ಅಂದ್ರೆ ಪ್ರಾಣಿ ತಪ್ಪಿಸಿಕೊಂಡು ಹೋಯ್ತು ಅಂತ ನೀವು ತಪ್ಪಿಸಿಕೊಳ್ಳೋಕಾಗಲ್ಲ.

ಅಲ್ಲಿ ಸಾಮಾನ್ಯವಾಗಿ ಟ್ಯಾಗ್ ಕಟ್ಟೋದು ಸಿಕ್ಕಿದ ಜಿಂಕೆಗೆ. ಸಿಗದ ಜಿಂಕೆ ಲೆಕ್ಕಕ್ಕಿಲ್ಲ, ಲೈಸೆನ್ಸ್ ಹಾಗೇ ಉಳಿಯುತ್ತೆ, ನಾಳೆ ಮತ್ತೆ ಹೋಗಬಹುದು. ನನ್ನ ಪ್ರಕಾರ ದೊಡ್ಡ ತಪ್ಪು ಇಲ್ಲಿದೆ. ದಕ್ಷಿಣ ಆಫ್ರಿಕಾ, ನಮೀಬಿಯಾಗಳ ದುಡ್ಡಿನ ಬೇಟೆಯಲ್ಲಿ ಒಂದು ವಾಡಿಕೆ ಇದೆ: ರಕ್ತ ಬಂದರೆ ಸಾಕು, ಪ್ರಾಣಿ ಸಿಗಲಿ ಬಿಡಲಿ, ಪೂರ್ತಿ ಶುಲ್ಕ ಕಟ್ಟಬೇಕು. ಅಲ್ಲಿ ಅದು ವ್ಯಾಪಾರದ ನಿಯಮ. ಆದ್ರೆ ಆ ನಿಯಮ ಗೊತ್ತಿದ್ದವನು 45 ಗಜದಲ್ಲಿ ಅನುಮಾನದ ಬಾಣ ಬಿಡೋ ಮೊದಲು ಎರಡು ಸಲ ಯೋಚಿಸ್ತಾನೆ. ತಾಗಿತು ಅಂದ್ರೆ ಅದು ನಿನ್ನ ಜಿಂಕೆ, ಟ್ಯಾಗ್ ಮುಗೀತು. ಕೆಲವು ಬೇಟೆಗಾರರು ತಾವಾಗಿ ಹೀಗೆ ನಡ್ಕೋತಾರೆ. ಎಲ್ಲರೂ ನಡ್ಕೊಂಡರೆ ಗಾಯದ ಲೆಕ್ಕ ಕಡಿಮೆ ಆಗುತ್ತೆ ಅನ್ನೋದು ನನ್ನ ನಂಬಿಕೆ.

ಎರಡನೇ ತಕರಾರು ವೀಡಿಯೊಗಳ ಮೇಲೆ. ಈ ಒಂದು ವರ್ಷ ಎಷ್ಟು ನೋಡಿದೀನೋ ಲೆಕ್ಕ ಇಲ್ಲ. ಬಾಣ ಹೋಗುತ್ತೆ, ಜಿಂಕೆ ಬೀಳುತ್ತೆ, ಹಿನ್ನೆಲೆಯಲ್ಲಿ ಗಿಟಾರ್, ಕೈ ಕುಲುಕ್ತಾರೆ. ಕರುಳಿಗೆ ಬಿದ್ದದ್ದು ಎಡಿಟಿಂಗ್‌ನಲ್ಲಿ ಹೋಗಿರುತ್ತೆ. ಹೆದೆ ಎಳೆದು, ಸರಿ ಇಲ್ಲ ಅಂತ ಸಡಿಲಿಸಿ ಮನೆಗೆ ಹೋದ ಸಂಜೆಯಂತೂ ಯಾರೂ ಹಾಕಲ್ಲ, ಯಾಕಂದ್ರೆ ಅದರಲ್ಲಿ ಏನೂ ಆಗಲ್ಲ. ಹಾಗಾಗಿ ಹೊಸಬರು ಕಲಿಯೋದು ಬಾಣ ಬಿಡೋದನ್ನ ಮಾತ್ರ. ಮೇಲಾಗಿ ಈಗಿನ ಬಿಲ್ಲು ಬಹಳ ಸುಲಭ. 1969ರಲ್ಲಿ ಮಿಸ್ಸೌರಿಯ ಹೋಲ್ಲೆಸ್ ವಿಲ್ಬರ್ ಅಲೆನ್ ಅನ್ನೋರಿಗೆ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತು. ತುದಿಯಲ್ಲಿ ರಾಟೆ, ಕ್ಯಾಮ್ ಇಟ್ಟು, ಪೂರ್ತಿ ಎಳೆದ ಮೇಲೆ ಕೈ ಮೇಲಿನ ಭಾರ ಇಳಿಯೋ ಹಾಗೆ ಮಾಡಿದ್ರು. 60 ಪೌಂಡಿನ ಬಿಲ್ಲನ್ನ ಇವತ್ತು 12 ಪೌಂಡ್ ಭಾರದಲ್ಲಿ ಹಿಡಿದು ಗುರಿ ಇಡಬಹುದು. ಮೈದಾನದಲ್ಲಿ 60 ಗಜದ ಪ್ಲೇಟಿಗೆ ಹೊಡೆಯೋದು ಕೆಲವೇ ತಿಂಗಳ ಅಭ್ಯಾಸ. ಆದ್ರೆ ಪ್ಲೇಟ್ ಕುಸಿಯಲ್ಲ, ಪ್ಲೇಟಿಗೆ ಕಿವಿ ಇಲ್ಲ. ಇಂಜಿನಿಯರು ಬಿಲ್ಲನ್ನ ಸುಧಾರಿಸಿದ, ಜಿಂಕೆಯನ್ನ ಸುಧಾರಿಸೋಕಾಗಲಿಲ್ಲ.

ಇಲ್ಲಿ ನಂಗೆ ಅಜ್ಜಿ ಹೇಳಿದ ಕಥೆ ನೆನಪಾಗುತ್ತೆ. ದಶರಥ. ಶಬ್ದವೇಧಿ ವಿದ್ಯೆ ಕಲಿತಿದ್ದ, ಕಣ್ಣಿಗೆ ಕಾಣದಿದ್ದರೂ ಶಬ್ದ ಕೇಳಿ ಗುರಿ ಹೊಡೀತಿದ್ದ. ಕತ್ತಲಲ್ಲಿ ನೀರು ತುಂಬೋ ಶಬ್ದ ಕೇಳಿ, ಆನೆ ಇರಬೇಕು ಅಂತ ಬಾಣ ಬಿಟ್ಟ. ಬಿದ್ದದ್ದು ಕುರುಡು ಅಪ್ಪ ಅಮ್ಮನಿಗೆ ನೀರು ತರೋಕೆ ಬಂದ ಶ್ರವಣಕುಮಾರನಿಗೆ. ಚಿಕ್ಕವನಿದ್ದಾಗ ಶಾಪದ ಭಾಗ ಮಾತ್ರ ತಲೆಯಲ್ಲಿ ಉಳಿದಿತ್ತು. ಈಗ ಅನ್ನಿಸೋದು ಬೇರೆ. ದಶರಥನ ಗುರಿ ತಪ್ಪಲೇ ಇಲ್ಲ. ಶಬ್ದ ಎಲ್ಲಿತ್ತೋ ಅಲ್ಲೇ ಹೊಡೆದ. ಕೈಚಳಕ ನೂರಕ್ಕೆ ನೂರು. ತಪ್ಪಿದ್ದು “ನಂಗೆ ಪೂರ್ತಿ ಗೊತ್ತಿಲ್ಲ, ಬಿಡಬಾರದು” ಅಂತ ಅನ್ನಿಸದೇ ಹೋದದ್ದು. ಒಂದು ವಿದ್ಯೆ ಚೆನ್ನಾಗಿ ಬಂದುಬಿಟ್ಟರೆ ಅದನ್ನ ಬಳಸದೆ ಇರೋದು ಎಷ್ಟು ಕಷ್ಟ ಅಂತ ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು.

ಬೇಟೆಗಾರರು ಬಿಲ್ಲು ಹಿಡಿಯೋಕೆ ಕೊಡೋ ದೊಡ್ಡ ಕಾರಣ ಸವಾಲು. ರೈಫಲ್ಲಿಗಿಂತ ಕಷ್ಟ, ಹತ್ತಿರ ಹೋಗಬೇಕು, ಗಾಳಿ ನೋಡಬೇಕು, ಉಸಿರು ಬಿಗಿ ಹಿಡಿಯಬೇಕು. ಒಪ್ಪೋಣ. ಆದ್ರೆ ಸವಾಲು ನಿನ್ನದು, ಅದರಲ್ಲಿ ಸೋತರೆ ನೋವು ಜಿಂಕೆಯದು. ಇದು ನ್ಯಾಯ ಆಗಬೇಕಾದ್ರೆ ಒಂದೇ ದಾರಿ ಇದೆ: ಸವಾಲೆಲ್ಲ ಹತ್ತಿರ ಹೋಗೋದರಲ್ಲಿ ಇರಲಿ, ಬಾಣ ಬಿಡೋದರಲ್ಲಿ ಇರಬಾರದು. ಬಿಡೋ ಹೊತ್ತಿಗೆ ಅದು ಸುಲಭದ ಕೆಲಸ ಆಗಿರಬೇಕು. 15 ಗಜ, ಅಡ್ಡಲಾಗಿ ನಿಂತಿದೆ, ತಲೆ ಕೆಳಗಿದೆ, ಬೆಳಕಿದೆ, ಕೈ ನಡುಗ್ತಿಲ್ಲ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬಿಡಬಾರದು. “ಬಹುಶಃ ತಾಗುತ್ತೆ” ಅನ್ನೋ ಮಾತು ಇಂಟರ್ನಲ್ಸ್‌ನ ಎಂಸಿಕ್ಯೂಗೆ ಸಾಕು, ಜೀವ ಇರೋದಕ್ಕೆ ಸಾಲದು.

ಅಣ್ಣ ಬಿಟ್ಟದ್ದು 38 ಗಜದಲ್ಲಿ. ಒಂದು ಹೆಣ್ಣು ಜಿಂಕೆ. ಸೀಸನ್ ಶುರುವಾಗಿ ಎರಡು ವಾರಕ್ಕೆ ಅವನಿಗೆ ಸಿಕ್ಕ ಮೊದಲ ಅವಕಾಶ, ಸಂಜೆ ಬೆಳಕು ಹೋಗ್ತಾ ಇತ್ತು. ಕೆಲವು ವಾರ ಆದ ಮೇಲೆ ಅವನೇ ಹೇಳಿದ. “ತಲೆ ಎತ್ತಿ ನಾನಿದ್ದ ಕಡೆನೇ ನೋಡ್ತಿತ್ತು ಕಣೋ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ.” ಜಿಂಕೆ ಕುಸಿದು ಮುಂದಕ್ಕೆ ನೆಗೆಯಿತು, ಬಾಣ ಹಿಂದೆ ಬಿತ್ತು. ಅವನು ಆ ವರ್ಷ ಬಿಲ್ಲನ್ನ ಮತ್ತೆ ತೆಗೀಲಿಲ್ಲ. ಟ್ಯಾಗ್ ಇತ್ತು, ದಿನಗಳಿದ್ದವು. “ಆ ಟ್ಯಾಗ್ ಅದಕ್ಕೇ ಹೋಯ್ತು” ಅಂದ.

ಈಗ ನನ್ನದೊಂದು ಹೇಳಿ ಮುಗಿಸ್ತೀನಿ, ಇಲ್ಲದಿದ್ರೆ ಇದು ಬರೀ ಅಣ್ಣನ ತಪ್ಪಿನ ಪಟ್ಟಿ ಆಗುತ್ತೆ. ಈ ಮಾರ್ಚಲ್ಲಿ ಫೆಸ್ಟ್ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಹೋಗಿ ಬರ್ತಿದ್ವಿ. ಫ್ರೆಂಡ್ ಬೈಕ್ ಓಡಿಸ್ತಿದ್ದ, ನಾನು ಹಿಂದೆ ಕೂತಿದ್ದೆ. ಬೀದಿದೀಪ ಇಲ್ಲದ ಕಡೆ ನಾಯಿಯೊಂದು ಅಡ್ಡ ಬಂತು. ಮುಂದಿನ ಚಕ್ರಕ್ಕೆ ತಾಗಿತು. ಬೈಕ್ ಓಲಾಡಿ ಸರಿಯಾಯ್ತು. ಹಿಂದೆ ನಾಯಿ ಕಿರುಚೋದು ಕೇಳಿಸ್ತು. ಅವನು “ಏನಾಗಿಲ್ಲ ಬಿಡು, ಎದ್ದು ಹೋಗುತ್ತೆ” ಅಂದ. ಹಾಸ್ಟೆಲ್ ಗೇಟ್ ಹತ್ತೂವರೆಗೆ ಮುಚ್ಚುತ್ತೆ. ನಾನು ನಿಲ್ಲಿಸು ಅನ್ನಲಿಲ್ಲ. ತಿರುಗಿಯೂ ನೋಡಲಿಲ್ಲ.

ಅಣ್ಣ ಮಾಡಿದ್ದು ಬೇಟೆ, ನಮ್ಮದು ಆಕ್ಸಿಡೆಂಟ್, ಒಪ್ಪಿದೆ. ಆದ್ರೆ ಆಮೇಲಿನದ್ದು? ಅವನು ಬೆಳಗಿನವರೆಗೆ ಎದ್ದಿದ್ದ, ಅಷ್ಟು ದೂರ ನೆಲ ನೋಡ್ತಾ ನಡೆದ, ಸಿಗಲಿಲ್ಲ ಅಂತ ಒಪ್ಪಿಕೊಂಡ. ನಾವು ಗೇಟ್ ಮುಚ್ಚೋ ಮೊದಲು ಒಳಗೆ ಬಂದ್ವಿ. “ಪಾಪದ ಪ್ರಾಣಿ” ಅಂತ ಹೇಳೋ ಹಕ್ಕು ಇಬ್ಬರಲ್ಲಿ ಯಾರಿಗೆ ಹೆಚ್ಚಿದೆ ಅಂತ ನಂಗೆ ಅವತ್ತಿಂದ ಗೊತ್ತಾಗ್ತಿಲ್ಲ. ಮಾರನೇ ದಿನ ಕ್ಲಾಸ್ ಬಂಕ್ ಮಾಡಿ ಆ ಜಾಗಕ್ಕೆ ಹೋದೆ. ನಾಯಿ ಇರಲಿಲ್ಲ. ಹತ್ತಿರದ ಟೀ ಅಂಗಡಿಯವರನ್ನ ಕೇಳಿದೆ, ನೋಡಿಲ್ಲ ಅಂದ್ರು.

ನಾನು ಬೇಟೆಗೆ ಹೋಗಲ್ಲ. ಅಲ್ಲಿಗೆ ಹೋದರೂ ಬಿಲ್ಲು ಹಿಡಿಯಲ್ಲ ಅನ್ಸುತ್ತೆ. ಆದ್ರೆ ಬೇಟೆಗಾರರನ್ನೆಲ್ಲ ಒಂದೇ ಗುಂಪು ಅಂತ ನೋಡೋದನ್ನ ಬಿಟ್ಟಿದೀನಿ. 50 ಗಜದಲ್ಲಿ ಹೊಡೆದೆ ಅಂತ ಹೇಳ್ಕೊಳ್ಳೋನಿಗೂ, ಇಡೀ ಸೀಸನ್ ಹೆದೆ ಎಳೆದು ಎಳೆದು ಸಡಿಲಿಸಿ ಬರೋನಿಗೂ ನಡುವಿನ ಅಂತರ, ಬೇಟೆಗಾರನಿಗೂ ನನಗೂ ನಡುವಿನ ಅಂತರಕ್ಕಿಂತ ದೊಡ್ಡದು.

ಈ ಅಕ್ಟೋಬರ್‌ನಲ್ಲಿ ಅಣ್ಣ ಮತ್ತೆ ಹೋಗ್ತಿದ್ದಾನೆ. 20 ಗಜದ ಆಚೆ ಇಲ್ಲ ಅಂತ ಅಟ್ಟಣೆಯ ಸುತ್ತ ಮರಗಳಿಗೆ ರಿಬ್ಬನ್ ಕಟ್ಟಿದಾನೆ. ಹೋದ ವಾರ ಒಂದು ಫೋಟೊ ಕಳಿಸಿದ. ಸಂಜೆ ಬೆಳಕು, ಉದುರಿದ ಎಲೆ, ಖಾಲಿ ಕಾಡು. ಜಿಂಕೆಯೇ ಇಲ್ಲ. ಕೆಳಗೆ ಬರೆದಿದ್ದ, “ಬಂದಿತ್ತು. ರಿಬ್ಬನ್ನಿನ ಒಳಗೇ ಇತ್ತು. ಆದ್ರೆ ತಲೆ ಎತ್ತಿತ್ತು, ಬಿಡಲಿಲ್ಲ.”

ಈ ಸಲ ನಾನು ಬುದ್ಧಿ ಹೇಳಲಿಲ್ಲ. ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ.

ನಿಮಗೆ ಒಪ್ಪಿಗೆ ಇಲ್ಲದಿದ್ರೆ ಮುಂದಿನ ಸಂಚಿಕೆಗೆ ಬರೀರಿ. ನನ್ನ ಲೆಕ್ಕದಲ್ಲಿ ತಪ್ಪಿದ್ರೆ ಅದನ್ನೂ ಬರೀರಿ. ಗಾಳಿಯ ಡ್ರ್ಯಾಗ್ ನಾನು ಬಿಟ್ಟಿದೀನಿ, ಸೇರಿಸಿದ್ರೆ ಬಾಣ ಇನ್ನೂ ನಿಧಾನ ಆಗುತ್ತೆ, ಜಿಂಕೆಗೆ ಇನ್ನೂ ಸ್ವಲ್ಪ ಸಮಯ ಸಿಗುತ್ತೆ.